ಗಾಣದಜ್ಜಿಯ ಮುಖ

ಗಿರಿಜಾಂಬಿಕಾಗೆ ಸಿಟ್ಟು ಬರಿಸಬೇಕಾದರೆ ಬೈಯಬೇಕಾಗಿಲ್ಲ, ಜಗಳ ತೆಗೆಯಬೇಕಾಗಿಲ್ಲ. "ಮೇಡಂ, ಒಂದ್ ಚಿಕ್ಕ ಚೇಂಜು" ಅಂದರೆ ಸಾಕು. ಈ ಚಿಕ್ಕ ಚೇಂಜು ಎಂಥದ್ದು ಅಂತ ಹನ್ನೆರಡು ವರ್ಷದಿಂದ ಅವಳು ಕಂಡುಂಡಿದ್ದಾಳೆ. ಲಗ್ನಪತ್ರಿಕೆ ಪ್ರಿಂಟಿಗೆ ಹೋಗುವ ಹೊತ್ತಿಗೆ ಫೋನು ಮಾಡಿ, ಗಂಡಿನ ಹೆಸರು ಬದಲಾಯಿಸಿ ಅಂದವರಿದ್ದಾರೆ. ಯಾಕ್ರೀ ಅಂದರೆ, ಗಂಡೇ ಬದಲಾಗಿದೆ ಮೇಡಂ, ಮಿಕ್ಕಿದ್ದೆಲ್ಲ ಅದೇ ಇರ್ಲಿ ಅಂದರು.

"ಮಿಕ್ಕಿದ್ದೆಲ್ಲ ಅದೇ ಅಂತೆ! ಇವರ ಮನೆ ಕಾಯ್ವಾಗ!" ಎಂದು ಅವಳು ಮೌಸನ್ನು ಮೇಜಿಗೆ ಕುಕ್ಕಿದರೆ ಸದ್ದು ಕೆಳಗಿನ ಟೈಲರ್ ಅಂಗಡಿಗೆ ಕೇಳಿಸುತ್ತದೆ. ಲಿಯಾಕತ್ ಅಲಿ ಹೊಲಿಗೆ ಮಿಶನ್ನು ನಿಲ್ಲಿಸಿ ಮೇಲಕ್ಕೆ ಕೂಗುತ್ತಾರೆ.

"ಗಿರಿಜಮ್ಮಾ, ಇವತ್ತು ಸತ್ತಿದ್ದು ಮೌಸೋ, ಗಿರಾಕಿನೋ?"

"ಗಿರಾಕಿ ಎಲ್ ಸಾಯ್ತಾನೆ ಭಾಯ್, ನಾನೇ ಸಾಯ್ಬೇಕು!"

ತಿಪಟೂರು ಬಸ್ ಸ್ಟ್ಯಾಂಡಿನಿಂದ ಎರಡು ರಸ್ತೆ ಆಚೆ, ಆ ಟೈಲರ್ ಅಂಗಡಿಯ ಮೇಲಿನ ಕೋಣೆಯೇ ಅವಳ ಆಫೀಸು. ಒಂದು ಕಂಪ್ಯೂಟರು, ಒಂದು ಫ್ಯಾನು, ಕರೆಂಟು ಹೋದಾಗಲೆಲ್ಲ ಕಿರುಚಿಕೊಳ್ಳುವ ಒಂದು ಯುಪಿಎಸ್ಸು. ಊರಿಗೆಲ್ಲ ಬೋರ್ಡು ಮಾಡಿಕೊಡುವವಳು ತನ್ನ ಬಾಗಿಲಿಗೆ ಮಾತ್ರ ಒಂದು ಬೋರ್ಡು ಹಾಕಿಲ್ಲ. ಬೋರ್ಡಿಲ್ಲದೆಯೇ ಇಷ್ಟು ಜನ ಬರುತ್ತಾರೆ, ಹಾಕಿದರೆ ಇನ್ನೆಷ್ಟು ಜನ ಬಂದು ತಲೆ ತಿಂದಾರು ಅನ್ನುವುದು ಅವಳ ಲೆಕ್ಕ. ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಆರು ವರ್ಷ ದುಡಿದು, ಮಾಲೀಕನಿಗೆ ಬಾಯಿಗೆ ಬಂದಂಗೆ ಬೈದು, ಕೆಲಸ ಬಿಟ್ಟು ಬಂದು ತನ್ನದೇ ಶುರು ಮಾಡಿ ಇನ್ನೊಂದು ಆರು ವರ್ಷ. ವಯಸ್ಸು ಮೂವತ್ತಾರು. ಮದುವೆ ಮಾಡಿಕೋ ಅನ್ನುವವರೆಲ್ಲ ಹೇಳಿ ಹೇಳಿ ಸುಸ್ತಾಗಿ, ಈಗ ಅವಳ ಹತ್ತಿರವೇ ತಮ್ಮ ಮಕ್ಕಳ ಲಗ್ನಪತ್ರಿಕೆ ಮಾಡಿಸಿಕೊಳ್ಳುತ್ತಿದ್ದಾರೆ.

ಇಂಥ ಕೆಲಸ ಅಂತಿಲ್ಲ, ಎಲ್ಲವೂ ಬರುತ್ತದೆ. ತುರುವೇಕೆರೆ ಕಡೆಯ ಒಂದು ಶಾಲೆಯವರು ಅಡ್ಮಿಶನ್ ಪಾಂಪ್ಲೆಟ್ ಮಾಡಿಸಿದರು. ಇರುವುದು ಎಂಟು ರೂಮು ಮತ್ತು ಒಂದು ತಗಡಿನ ಶೆಡ್ಡು, ಬೇಕಾದ್ದು ಮೂರಂತಸ್ತಿನ ಕಟ್ಟಡ. ಸಂಪಿಗೆ ಊರಿನ ಒಬ್ಬರಿಗೆ ಗೃಹಪ್ರವೇಶದ ವಿಡಿಯೋದಲ್ಲಿ ತಮ್ಮ ತೆಂಗಿನ ತೋಟದ ಮೇಲೆ ಹಿಮ ಬೀಳಬೇಕಿತ್ತು. ಪಶು ಆಹಾರದ ವ್ಯಾಪಾರಿ ಶಂಭುಲಿಂಗಯ್ಯ ಚೀಲದ ಮೇಲಿನ ಹಸುವನ್ನು ನೋಡಿ, "ಎಲ್ಲಾ ಚೆನ್ನಾಗೈತೆ ಕಣವ್ವ, ಆದ್ರೆ ಹಸ ನಗ್ತಾ ಇಲ್ವಲ್ಲ" ಅಂದ. ಹಸುವನ್ನು ನಗಿಸುವುದಕ್ಕೆ ಅವಳಿಗೆ ಎರಡು ದಿನ ಹಿಡಿಯಿತು. ಶೆಟ್ಟಿಕೆರೆಯಿಂದ ಬಂದ ಅಣ್ಣತಮ್ಮಂದಿರು ತೀರಿಕೊಂಡ ಅಪ್ಪನ ಪಾಸ್‌ಪೋರ್ಟ್ ಫೋಟೋ ಕೊಟ್ಟು, ಜನ್ಮದಲ್ಲಿ ಕೋಟು ಹಾಕದ ಮನುಷ್ಯ ಮೇಡಂ, ಶ್ರದ್ಧಾಂಜಲಿಯಲ್ಲಾದರೂ ಹಾಕ್ಸಿ ಅಂದರು. ಹಾಕಿಸಿದಳು. ಟೈ ಕೂಡ ಕಟ್ಟಿದಳು. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಲೀಡರಿನ ಹುಟ್ಟುಹಬ್ಬದ ಫ್ಲೆಕ್ಸಿಗೆ ನಲವತ್ತೆರಡು ತಲೆ ಜೋಡಿಸಿದಾಗ, ತನ್ನ ತಲೆ ಪಕ್ಕದವನ ತಲೆಗಿಂತ ಚಿಕ್ಕದಾಯಿತು ಅಂತ ಒಬ್ಬ ಲಿಯಾಕತ್ ಅಲಿಯ ಟೇಪನ್ನೇ ಇಸಿದುಕೊಂಡು ಮೇಲೆ ಬಂದು ಸ್ಕ್ರೀನಿನ ಮೇಲೆ ಅಳೆದ. ಥೂ, ಇವನ ತಲೆಯಷ್ಟು! ಅದರೊಳಗೆ ಇರುವುದನ್ನು ಅಳೆಯುವ ಟೇಪು ಯಾರ ಹತ್ತಿರವೂ ಇಲ್ಲವಲ್ಲ ಅಂತ ಅವಳು ಹಲ್ಲು ಕಚ್ಚಿಕೊಂಡು ಅರ್ಧ ಇಂಚು ಹಿಗ್ಗಿಸಿಕೊಟ್ಟಳು.

ಬೈಯುತ್ತಾಳೆ, ಮಾಡಿಕೊಡುತ್ತಾಳೆ. ಇದು ಅವಳ ರೀತಿ. ಕೇಳಿದ್ದನ್ನು ಮಾಡು, ಕಳಿಸು, ಮರೆತುಬಿಡು. ಹಿಮ ಬಿತ್ತೋ, ಹಸು ನಕ್ಕಿತೋ, ಮುದುಕ ಕೋಟು ಹಾಕಿದನೋ, ಅದು ನಿಜವೇ ಅಂತ ಕೇಳುವುದು ತನ್ನ ಕೆಲಸವಲ್ಲ ಎಂದೇ ನಂಬಿದ್ದಳು.

ಎರಡು ವರ್ಷದ ಕೆಳಗೆ ಮೋಹನ್ ಕುಮಾರ್ ಬಂದದ್ದು ಇಂಥದೇ ಒಂದು ಕೆಲಸ ಹಿಡಿದುಕೊಂಡು. ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು, ಮಾತಿಗೆ ಮುಂಚೆ ನಗು. ಕೊಬ್ಬರಿ ಎಣ್ಣೆ ಬಾಟಲಿಗೆ ಲೇಬಲ್ಲು ಬೇಕು ಅಂದ. ಹೆಸರು 'ಗಾಣದಜ್ಜಿ'. ಒಂದು ಎತ್ತಿನ ಗಾಣ, ಹಿಂದೆ ತೆಂಗಿನ ಮರ, ಮುಂದೆ ಒಬ್ಬಳು ಅಜ್ಜಿ. ಎಲ್ಲ ಹೊರಗಡೆ ಊರಿಗೆ ಹೋಗುವ ಮಾಲು ಅಂದ. ಗಾಣ ಮತ್ತು ಎತ್ತನ್ನು ಅವಳು ಒಂದೇ ಬೆಳಿಗ್ಗೆ ಹೊಂದಿಸಿದಳು. ಅಜ್ಜಿಯದ್ದೇ ತಲೆನೋವು. ನೆಟ್ಟಿನಲ್ಲಿ ಸಿಕ್ಕ ಅಜ್ಜಿಯರೆಲ್ಲ ಯಾವುದೋ ಸೀಮೆಯವರು, ಸೀರೆ ಉಟ್ಟ ರೀತಿಯೇ ಬೇರೆ. ಎಐನಲ್ಲಿ ಹುಟ್ಟಿಸಿದ ಅಜ್ಜಿಗೆ ಒಂದು ಕೈಯಲ್ಲಿ ಆರು ಬೆರಳು, ಬಾಯಲ್ಲಿ ಮೂವತ್ತಾರು ಹಲ್ಲು. ಮೋಹನ್ ಕುಮಾರ್ ದಿನಕ್ಕೆ ಹತ್ತು ಸಲ ಫೋನು ಮಾಡಿ "ನಮ್ ಕಡೆ ಅಜ್ಜಿ ಥರ ಇಲ್ಲ ಮೇಡಂ" ಅನ್ನುತ್ತಿದ್ದ.

ತಲೆ ಕೆಟ್ಟು ಹೋಗಿ, ಸದ್ಯಕ್ಕೆ ಜಾಗ ತುಂಬಲಿ ಅಂತ, ಅವಳು ತನ್ನ ಫೋನಿನಲ್ಲಿದ್ದ ಒಂದು ಫೋಟೋ ತೆಗೆದು ಅಲ್ಲಿ ಕೂರಿಸಿದಳು. ತಲೆಯ ಮೇಲೆ ಸೆರಗು, ಹಣೆಗೆ ಕಾಸಿನಗಲ ಕುಂಕುಮ, ಎದುರಿನ ಒಂದು ಹಲ್ಲು ಇಲ್ಲದ ಬಾಯಿ ತುಂಬ ನಗು. ಅವಳ ಅವ್ವ ಪುಟ್ಟಗೌರಮ್ಮ. ಆಮೇಲೆ ಬೇರೆ ಹಾಕಿದರಾಯಿತು ಅಂದುಕೊಂಡು ಕಳಿಸಿದಳು. ಎರಡು ನಿಮಿಷಕ್ಕೆ ಉತ್ತರ ಬಂತು: ಸೂಪರ್ ಮೇಡಂ, ಇದೇ ಫೈನಲ್.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಇದು ನಮ್ಮವ್ವ ಕಣ್ರೀ, ಹಾಕಬೇಡಿ ಅನ್ನಲಿಲ್ಲ. ಅವ್ವನನ್ನೂ ಕೇಳಲಿಲ್ಲ. ಹೇಗೂ ಹೊರಗಡೆ ಮಾಲು, ಇಲ್ಲಿ ಯಾರು ನೋಡುತ್ತಾರೆ? ಮತ್ತೆ ಇನ್ನೊಂದು ಅಜ್ಜಿಗಾಗಿ ಹುಡುಕಾಡುವ ತಾಳ್ಮೆ ಅವಳಿಗಿರಲಿಲ್ಲ. ಫೈಲು ಕಳಿಸಿ ಮುಂದಿನ ಕೆಲಸಕ್ಕೆ ಹೋದಳು.

ಇನ್ನು ಈ ಪುಟ್ಟಗೌರಮ್ಮ ಎಂಥವಳು ಅಂತ ಹೇಳಬೇಕು. ಅರಳಗುಪ್ಪೆಯ ಹೆಣ್ಣು. ಗಂಡ ತೀರಿಕೊಂಡಮೇಲೂ ಹಣೆಯ ಕುಂಕುಮ ಅಳಿಸದೆ, ಕೊಬ್ಬರಿ ಶೆಡ್ಡಿನಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ಅರವತ್ತನಾಲ್ಕಾದರೂ ಕೆಲಸ ಬಿಟ್ಟಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪು ಒಡೆದು ಒಳಗಿನ ಕೊಬ್ಬರಿಯನ್ನು ಒಡೆಯದ ಹಾಗೆ ಇಡಿಯಾಗಿ ಉಂಡೆ ತೆಗೆಯುವುದು ಎಲ್ಲರ ಕೈಗೂ ಬರುವುದಿಲ್ಲ. ಅದು ಅವಳಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳ ಮೂಗು. ಕೊಬ್ಬರಿ ಹಳಸಿ ಕೌಟು ವಾಸನೆ ಹಿಡಿದಿದೆಯೋ ಇಲ್ಲವೋ ಅಂತ ಒಂದೇ ಸಲ ಮೂಸಿ ಹೇಳಿಬಿಡುತ್ತಾಳೆ. ಮಾರುವ ರೈತನಿಗೂ ಕೊಳ್ಳುವ ವ್ಯಾಪಾರಿಗೂ ಜಗಳ ಬಿದ್ದರೆ ಇಬ್ಬರೂ ಅವಳ ಮುಂದೆ ತಂದು ಹಿಡಿಯುತ್ತಾರೆ. ಪುಟ್ಟಗೌರಮ್ಮ ಕೌಟು ಅಂದರೆ ಕೌಟು, ಚೆನ್ನಾಗೈತೆ ಅಂದರೆ ಚೆನ್ನಾಗಿದೆ. ಶೆಡ್ಡಿನ ಮಾಲೀಕನ ಮಾಲೇ ಆದರೂ ಕೌಟಾಗಿದ್ದರೆ ಅವನ ಮುಖದ ಮೇಲೇ ಹೇಳಿದವಳು. ಅವಳ ಹತ್ತಿರ ಹೊಲ ಇಲ್ಲ, ತೋಟ ಇಲ್ಲ. ಇರುವುದು ಈ ಮಾತೊಂದೇ.

ಹೋದ ತಿಂಗಳು ಮೋಹನ್ ಕುಮಾರ್ ತಿಪಟೂರಿನಲ್ಲೇ ಅಂಗಡಿ ತೆರೆದ. ಗಿರಿಜಾಗೆ ಒಂದು ಮಾತೂ ಹೇಳದೆ, ಹಳೆ ಫೈಲನ್ನೇ ಪ್ರಿಂಟರಿಗೆ ಕೊಟ್ಟು ಹತ್ತಡಿಯ ಫ್ಲೆಕ್ಸು ಮಾಡಿಸಿ ಬಾಗಿಲ ಮೇಲೆ ಕಟ್ಟಿಸಿದ. ಮೂರನೇ ದಿನಕ್ಕೆ ಶೆಡ್ಡಿನಲ್ಲಿ ಜೊತೆಗೆ ಕೆಲಸ ಮಾಡುವ ಸುನಂದಾ ಒಂದು ಬಾಟಲಿ ತಂದು ಪುಟ್ಟಗೌರಮ್ಮನ ಮುಂದೆ ಇಟ್ಟಳು.

"ಏನ್ ಪುಟ್ಟಗೌರಕ್ಕ, ಎಣ್ಣೆ ವ್ಯಾಪಾರ ಸುರು ಮಾಡ್ಕಂಡಿದೀಯ, ನಮ್ಗೊಂದ್ ಮಾತು ಹೇಳ್ಬಾರ್ದಾ? ಮುಖ ಹಾಕಕ್ಕೆ ಎಷ್ಟ್ ಕೊಟ್ರು?"

ಪುಟ್ಟಗೌರಮ್ಮ ಬಾಟಲಿಯ ಮೇಲಿನ ತನ್ನ ಮುಖ ನೋಡಿದಳು. ಮುಚ್ಚಳ ತೆಗೆದು ಮೂಸಿದಳು. ಅಂಗೈಗೆ ಒಂದು ತೊಟ್ಟು ಬಿಟ್ಟು ಉಜ್ಜಿ ಮತ್ತೆ ಮೂಸಿದಳು. ಆಮೇಲೆ ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟು, ಅರ್ಧ ದಿನದ ಕೂಲಿ ಬಿಟ್ಟು, ಬಾಟಲಿ ಹಿಡಿದುಕೊಂಡು ನೆಟ್ಟಗೆ ಮಗಳ ಆಫೀಸಿಗೆ ನಡೆದು ಬಂದಳು. ಆರು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಇದು ಯಾರೇ?"

ಗಿರಿಜಾ ಬಾಟಲಿ ನೋಡಿದಳು. "ಅವ್ವ, ಅದು... ಆವತ್ತು ಸುಮ್ನೆ ಸ್ಯಾಂಪಲ್ಲಿಗೆ ಅಂತ..."

"ಯಾರೇ ಇದು ಅಂತ ಕೇಳ್ದೆ."

"ನೀನೇ ಕಣವ್ವ."

"ನಾನು ಒಪ್ಕಂಡಿದ್ನಾ?"

"ಇಲ್ಲ."

"ಮತ್ತೆ ಹೆಂಗೆ ಕೊಟ್ಟೆ? ನಿನ್ನ ಮುಖ ಇರ್ಲಿಲ್ವಾ ಕೊಡಕ್ಕೆ? ನನ್ ಮುಖ ಏನ್ ನಿನ್ ಕಂಪ್ಯೂಟ್ರಲ್ಲಿ ಬಿದ್ದಿರೋ ಕಸ ಅನ್ಕಂಡಿದೀಯಾ?" ಪುಟ್ಟಗೌರಮ್ಮ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಮೂಸು. ಮೂಸೇ! ಕೌಟು ಕೊಬ್ರಿ ಎಣ್ಣೆ, ಅದೂ ಪೂರ್ತಿ ಇಲ್ಲ, ಇನ್ನೇನೋ ಸುರ್ದವ್ರೆ. ಮೂವತ್ ವರ್ಷದಿಂದ ಊರೋರೆಲ್ಲ ನನ್ ಮುಂದೆ ತಂದು ಹಿಡೀತಾರಲ್ಲ, ಯಾಕೆ? ನಾನು ಸುಳ್ ಹೇಳಲ್ಲ ಅಂತ. ಈಗ ಈ ಗಲೀಜಿನ ಮೇಲೆ ಕುಂತ್ಕಂಡು ಹಲ್ ಕಿಸೀತಾ ಇದೀನಿ. ನಾಳೆ ನಾನು ಕೌಟು ಅಂದ್ರೆ ಯಾರೇ ನಂಬ್ತಾರೆ?"

ಗಿರಿಜಾ ಏನೋ ಹೇಳಲು ಹೋದಳು.

"ಮಾತಾಡ್ಬೇಡ ಬುಡು. ನಿನ್ನ ಓದ್ಸಿದ್ದು ಇದಕ್ಕಾ?"

ಅಷ್ಟು ಹೇಳಿ ಅವ್ವ ಇಳಿದು ಹೋದಳು. ಕೆಳಗೆ ಲಿಯಾಕತ್ ಅಲಿ "ಕೂತ್ಕಳಮ್ಮ, ಟೀ ತರಿಸ್ತೀನಿ" ಅಂದದ್ದಕ್ಕೂ ನಿಲ್ಲಲಿಲ್ಲ.

ಗಿರಿಜಾಗೆ ಮೈಯೆಲ್ಲ ಉರಿಯಿತು. ಬೇರೆಯವರ ಮೇಲಿನ ಸಿಟ್ಟು ಅವಳಿಗೆ ದಿನನಿತ್ಯದ್ದು, ಬೈದರೆ ಇಳಿಯುತ್ತಿತ್ತು. ಇದು ಇಳಿಯಲಿಲ್ಲ, ಯಾಕೆಂದರೆ ಅರ್ಧ ತನ್ನ ಮೇಲೇ ಇತ್ತು. ಆ ಅರ್ಧವನ್ನು ಏನು ಮಾಡಬೇಕು ಅಂತ ತಿಳಿಯದೆ, ಇಡೀ ಸಿಟ್ಟನ್ನೂ ಗಂಟು ಕಟ್ಟಿಕೊಂಡು ಮೋಹನ್ ಕುಮಾರನ ಅಂಗಡಿಗೆ ನುಗ್ಗಿದಳು. ಬಾಗಿಲ ಮೇಲೆ ಅವ್ವ ಹತ್ತಡಿ ನಗುತ್ತಿದ್ದಳು. ಒಳಗೆ ಗಾಣವೂ ಇಲ್ಲ, ಮಣ್ಣೂ ಇಲ್ಲ. ಎಲ್ಲಿಂದಲೋ ಬಂದ ಡಬ್ಬಗಳು, ಒಂದು ದೊಡ್ಡ ಡ್ರಮ್ಮು, ಬಾಟಲಿಗೆ ತುಂಬುವ ಒಂದು ಮಿಶನ್ನು.

"ಬನ್ನಿ ಮೇಡಂ, ಬನ್ನಿ! ನಿಮ್ ಡಿಸೈನ್ ಸೂಪರ್ ಹಿಟ್ಟು."

"ಆ ಫ್ಲೆಕ್ಸ್ ಇಳ್ಸಿ. ಅದು ನಮ್ಮವ್ವ."

ಮೋಹನ್ ಕುಮಾರನಿಗೆ ಆಶ್ಚರ್ಯವಾಯಿತು, ಆಮೇಲೆ ಖುಷಿಯೂ ಆಯಿತು. "ಹೌದಾ? ಒಳ್ಳೇದಾಯ್ತು ಬುಡಿ, ಒರಿಜಿನಲ್ ಅಜ್ಜಿನೇ ಸಿಕ್ರು. ಒಂದಿನ ಕರ್ಕಂಬನ್ನಿ, ವಿಡಿಯೋ ಮಾಡೋಣ."

"ಮೋಹನ್ ಸಾರ್, ತಮಾಷೆ ಬೇಡ. ಕೌಟು ಎಣ್ಣೆ ಮೇಲೆ ನಮ್ಮವ್ವನ ಮುಖ ಇರಬಾರ್ದು. ಇಳ್ಸಿ ಅಂದ್ರೆ ಇಳ್ಸಿ."

"ಯಾರಿಗ್ ಗೊತ್ತಾಗುತ್ತೆ ಮೇಡಂ? ಎಲ್ಲ ಮುದ್ಕೀರೂ ಒಂದೇ ಥರ ಕಾಣ್ತಾರೆ. ಅಷ್ಟಕ್ಕೂ ನಿಮ್ಗೆ ಬೇಜಾರಾದ್ರೆ ಎಐಗೆ ಹಾಕ್ಸಿ ಮೂಗು ಸ್ವಲ್ಪ ಚೂಪ್ ಮಾಡ್ಸಿ, ಹಲ್ಲೊಂದ್ ಕೂರಿಸಿಬಿಡ್ತೀನಿ. ಚಿಕ್ಕ ಚೇಂಜು."

"ಏ, ಬಾಯ್ ಮುಚ್ಚು!" ಅಂದಳು ಗಿರಿಜಾ. ಸಾರೂ ಹೋಯಿತು, ಬಹುವಚನವೂ ಹೋಯಿತು. "ಗಾಣ ಅಂತೀಯ, ಎಲ್ಲಯ್ಯಾ ಗಾಣ? ಎತ್ತು ಎಲ್ಲಿ? ಜನಕ್ಕೆ ಮಣ್ ತಿನ್ನಿಸ್ತಿದೀಯಲ್ಲ, ನಾಚ್ಕೆ ಆಗಲ್ವಾ?"

ಮೋಹನ್ ಕುಮಾರ್ ಸಿಟ್ಟಾಗಲಿಲ್ಲ. ಅದೇ ಅವಳನ್ನು ಇನ್ನೂ ಉರಿಸಿದ್ದು. ಕುರ್ಚಿಗೆ ಒರಗಿ ನಿಧಾನವಾಗಿ ಹೇಳಿದ: "ಗಾಣ ಎಲ್ಲಿ ಅಂತ ಇವತ್ ಕೇಳ್ತಿದೀರ. ಎರಡ್ ವರ್ಷದ ಹಿಂದೆ ಆ ಎತ್ತು, ಆ ಗಾಣ ಎಲ್ಲಾ ನೀವೇ ತಾನೆ ತಂದು ಕಟ್ಟಿದ್ದು? ಆವತ್ ಯಾಕ್ ಕೇಳ್ಲಿಲ್ಲ? ನಾನ್ ಹೇಳ್ದೆ, ನೀವ್ ಮಾಡಿದ್ರಿ, ದುಡ್ ಇಸ್ಕಂಡ್ರಿ. ಸುಳ್ಳು ಅಂದ್ರೆ ಇಬ್ರುದೂ ಸುಳ್ಳೇ."

ನಾಯಿ, ಕಳ್ಳ ನನ್ನಮಗ, ಆದರೆ ಹೇಳಿದ್ದು ನಿಜ ಅಂತ ಗಿರಿಜಾಗೆ ಗೊತ್ತಿತ್ತು. ಅದಕ್ಕೇ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸದೆ ಹೊರಗೆ ಬಂದಳು.

ಮನೆಯಲ್ಲಿ ಅವ್ವ ರಾಗಿಮುದ್ದೆ ಮಾಡಿ ತಟ್ಟೆಗೆ ಹಾಕಿಟ್ಟಿದ್ದಳು. ಗಿರಿಜಾ ಅವನ ಮೇಲೆ ಕೇಸು ಹಾಕ್ತೀನಿ, ಅವನ ಬಣ್ಣ ಬಯಲು ಮಾಡಿ ವಿಡಿಯೋ ಬಿಡ್ತೀನಿ ಅಂತ ತಾನೇ ಒಂದು ಗಂಟೆ ಒದರಿದಳು. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಅಂಗ್ಡಿ ಎಷ್ಟೊತ್ತಿಗೆ ತೆಗೀತಾನೆ?"

ಮಾರನೆಯ ದಿನ ಹತ್ತು ಗಂಟೆಗೆ ಲಿಯಾಕತ್ ಅಲಿಯ ಫೋನು ಬಂತು.

"ಗಿರಿಜಮ್ಮ, ಎಲ್ಲಿದೀಯ? ನಿಮ್ಮಮ್ಮ ಆ ಎಣ್ಣೆ ಅಂಗ್ಡಿ ಮುಂದೆ ನಿಂತವ್ರೆ. ಜನ ಸೇರ್ತಾವ್ರೆ. ಬೇಗ್ ಬಾ."

ಗಿರಿಜಾ ಸ್ಕೂಟರ್ ಹತ್ತಿ ಧಾವಿಸಿದಳು. ಅಂಗಡಿಯ ಮೆಟ್ಟಿಲ ಮೇಲೆ, ಆ ಹತ್ತಡಿಯ ಮುಖದ ನೇರ ಕೆಳಗೆ, ಪುಟ್ಟಗೌರಮ್ಮ ನಿಂತಿದ್ದಳು. ಕೊಬ್ಬರಿ ಶೆಡ್ಡಿಗೆ ಉಡುವ ಅದೇ ಮಾಸಿದ ಸೀರೆ, ಕೈಯಲ್ಲಿ ಮುಚ್ಚಳ ತೆಗೆದ ಒಂದು ಬಾಟಲಿ. ಕಿರುಚುತ್ತಿರಲಿಲ್ಲ. ಕೊಳ್ಳಲು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತಿದ್ದಳು.

"ನೋಡಪ್ಪ, ಮೇಲ್ ನೋಡು. ಈಗ ನನ್ನ ನೋಡು. ಒಬ್ಳೇ ತಾನೆ? ಈ ಎಣ್ಣೆ ನಾನ್ ಮಾಡಿಲ್ಲ. ನಮ್ಮನೇಲಿ ತಿನ್ನಲ್ಲ. ತಗಾ, ಮೂಸ್ ನೋಡು. ಆಮೇಲೂ ಬೇಕಂದ್ರೆ ಕೊಂಡ್ಕ, ನಾನ್ ಬ್ಯಾಡ ಅನ್ನಲ್ಲ."

ಜನ ಮೇಲೆ ನೋಡುತ್ತಿದ್ದರು, ಕೆಳಗೆ ನೋಡುತ್ತಿದ್ದರು. ಹಲ್ಲಿಲ್ಲದ ಜಾಗ ಸಮೇತ ಅದೇ ಮುಖ. ಮೂಸುತ್ತಿದ್ದರು, ಮುಖ ಕಿವುಚುತ್ತಿದ್ದರು, ಹೋಗುತ್ತಿದ್ದರು. ಹೋಗದೆ ನಿಂತವರೇ ಜಾಸ್ತಿ. ಮೋಹನ್ ಕುಮಾರ್ ಬಾಗಿಲಲ್ಲಿ ಬೆವರುತ್ತಿದ್ದ. ಅವನ ನಗು ಎಲ್ಲೋ ಹೋಗಿತ್ತು.

"ಅಜ್ಜೀ, ಮರ್ಯಾದೆಯಾಗಿ ಹೋಗಿ. ಪೊಲೀಸ್ರನ್ನ ಕರೀತೀನಿ."

"ಕರಿಯಪ್ಪ, ಕರಿ. ಮೇಲಿರೋದ್ ಯಾರು, ಕೆಳಗಿರೋದ್ ಯಾರು ಅಂತ ಅವ್ರೇ ನೋಡ್ಕಂಡ್ ಹೇಳ್ಲಿ."

ಗಿರಿಜಾಗೆ ಇನ್ನು ತಡೆಯಲಾಗಲಿಲ್ಲ. ಪಕ್ಕದ ಅಂಗಡಿಯ ಏಣಿಯನ್ನು ಎಳೆದು ತಂದಳು. ಅಲ್ಲೇ ನಿಂತಿದ್ದ ಲಿಯಾಕತ್ ಅಲಿಯ ಜೇಬಿನಿಂದ ಕತ್ತರಿ ಕಿತ್ತುಕೊಂಡಳು. ಎರಡು ಮೆಟ್ಟಿಲು ಹತ್ತಿ ಫ್ಲೆಕ್ಸಿನ ಮೂಲೆಗೆ ಕೈ ಹಾಕಿದಳು. ಅವ್ವನ ಆ ನಗುವನ್ನು ತುಂಡು ತುಂಡು ಮಾಡಿ ಬೀದಿಗೆ ಎಸೆಯಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

"ಇಳಿಯೇ ಕೆಳಕ್ಕೆ!" ಅಂದಳು ಪುಟ್ಟಗೌರಮ್ಮ.

"ಬುಡವ್ವ ನೀನು, ನಾನೇ ಹಾಕಿದ್ದು, ನಾನೇ ಕೀಳ್ತೀನಿ!"

"ಇಳಿ ಅಂದ್ನಲ್ಲ. ಅದು ಅಲ್ಲೇ ಇರ್ಲಿ. ಅದು ಮೇಲಿರೋತನ್ಕ ಜನ ನನ್ ಮಾತ್ ಕೇಳ್ತಾರೆ. ಅದು ಹೋದ್ರೆ, ಯಾವಳೋ ಮುದ್ಕಿ ಬೀದೀಲಿ ನಿಂತ್ಕಂಡು ವಟಗುಟ್ತಾವ್ಳೆ ಅಂತ ಹೋಗ್ತಾರೆ."

ಗಿರಿಜಾ ಇಳಿದಳು. ಈಗ ಮೋಹನ್ ಕುಮಾರನೇ ಒಳಗಿನವನಿಗೆ ಕೂಗಿದ: "ಲೇ ಮಲ್ಲೇಶಾ, ಮೊದ್ಲು ಆ ಫ್ಲೆಕ್ಸ್ ಕಿತ್ತಾಕ್ಲಾ!" ಮಲ್ಲೇಶ್ ಬಾಗಿಲತನಕ ಬಂದು, ಅಡ್ಡ ನಿಂತ ಜನವನ್ನೂ ಪುಟ್ಟಗೌರಮ್ಮನನ್ನೂ ನೋಡಿ, ಮತ್ತೆ ಒಳಗೇ ಹೋದ.

ಜನರ ನಡುವಿನಿಂದ ಒಬ್ಬಳು ಹೆಂಗಸು, ಕೈಚೀಲದಲ್ಲಿ ಅದೇ ಬಾಟಲಿ ಇದ್ದವಳು, ಮುಂದೆ ಬಂದಳು. ಅವಳ ದನಿಯಲ್ಲೂ ಸಿಟ್ಟಿತ್ತು.

"ಅಲ್ಲ ಕಣಜ್ಜಿ, ನಿನ್ ಮುಖ ನೋಡ್ಕಂಡು ಮಗಿಗೆ ಅಂತ ನಾನು ಎರಡ್ ಬಾಟ್ಲು ಒಯ್ದಿದೀನಿ. ನೀನ್ ಹಾಕಿಲ್ಲ ಅಂದ್ರೆ ಮತ್ ಯಾರು ಹಾಕಿದ್ದು ನಿನ್ ಮುಖನ ಅಲ್ಲಿ?"

ಪುಟ್ಟಗೌರಮ್ಮ ಉತ್ತರ ಕೊಡಲಿಲ್ಲ. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಇವನೇ ಹಾಕಿದ್ದು ಅಂತ ಮೋಹನ್ ಕುಮಾರನ ಕಡೆ ಕೈ ತೋರಿಸಿದ್ದರೆ ಮುಗಿಯುತ್ತಿತ್ತು, ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ತೋರಿಸಲಿಲ್ಲ. ಸುಳ್ಳು ಹೇಳಿ ಮಗಳನ್ನು ಉಳಿಸಿಕೊಳ್ಳುವ ಜಾತಿಯಲ್ಲ ಅವಳು, ಹೆಸರು ಹೇಳಿ ಬೀದಿಗೆ ಎಳೆಯುವವಳೂ ಅಲ್ಲ.

ಗಿರಿಜಾ ಕತ್ತರಿಯನ್ನು ಲಿಯಾಕತ್ ಅಲಿಯ ಕೈಗೆ ಕೊಟ್ಟಳು. ಮೆಟ್ಟಿಲು ಹತ್ತಿ ಅವ್ವನ ಪಕ್ಕದಲ್ಲಿ ನಿಂತಳು.

"ನಾನ್ ಹಾಕಿದ್ದು" ಅಂದಳು. "ನಾನು ಇವಳ ಮಗಳು. ಕೇಳ್ದೆ ಹಾಕ್ದೆ. ಆ ಗಾಣನೂ ಸುಳ್ಳು, ಎತ್ತೂ ಸುಳ್ಳು. ಅವೂ ನಾನೇ ಮಾಡಿದ್ದು."

ಪುಟ್ಟಗೌರಮ್ಮ ಜನರನ್ನೇ ನೋಡುತ್ತ ಹೇಳಿದಳು: "ಗಟ್ಟಿಯಾಗ್ ಹೇಳು. ಹಿಂದ್ಲೋರ್ಗೆ ಕೇಳ್ಸಿಲ್ಲ."